ಸಾಗರದಿಂದ ಶುರುವಾಗುತ್ತಿದ್ದ ಪೇಪರ್

ಒಂದು ವರ್ಷ ಜುಲೈಯಿಂದ ದಸರಾವರೆಗೆ, ತೀರ್ಥಹಳ್ಳಿಯ ಒಂದು ಮನೆಯಲ್ಲಿ ಬೆಳಗಿನ ಪೇಪರ್ ಓದುವ ಕೆಲಸ ಸಾಗರದ ನಮ್ಮ ಅಡುಗೆಮನೆಯಿಂದ ಶುರುವಾಗುತ್ತಿತ್ತು. ಓದುತ್ತಿದ್ದದ್ದು ನಾನಲ್ಲ, ಒಂದು ಯಂತ್ರ. ಅದಕ್ಕೆ "ಓದು" ಎಂದು ಹೇಳುವುದಷ್ಟೇ ನನ್ನ ಪಾಲಿನದು. ಆದರೆ ನಾನು ಹೇಳದಿದ್ದರೆ ಅದು ಓದುತ್ತಿರಲಿಲ್ಲ. ಯಾಕೆ ಓದುತ್ತಿರಲಿಲ್ಲ ಎಂಬುದು ಅದರ ಪ್ರೋಗ್ರಾಮ್ ಬರೆದ ನನಗೂ ಗೊತ್ತಿರಲಿಲ್ಲ.

ನಾನು ಸಾಗರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಮೂವತ್ತು ಕಂಪ್ಯೂಟರುಗಳಲ್ಲಿ ಇಪ್ಪತ್ತನ್ನಾದರೂ ನಡೆಯುವ ಸ್ಥಿತಿಯಲ್ಲಿಡುವುದು, ಉಳಿದ ಹತ್ತಕ್ಕೆ ಬಟ್ಟೆ ಹೊದಿಸುವುದು ನನ್ನ ಕೆಲಸ. ಗಂಡನದು ಪಂಪ್‌ಸೆಟ್ ಮೋಟಾರುಗಳ ರಿಪೇರಿ ಅಂಗಡಿ. ತವರು ಹೊಸನಗರದ ಹತ್ತಿರ. ಓದುವ ದಿನಗಳಲ್ಲಿ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ ಈಗ ತೀರ್ಥಹಳ್ಳಿಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದುಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಯಂತ್ರ ಇದ್ದದ್ದು ಅವಳ ಮನೆಯಲ್ಲಿ. ಪೇಪರ್ ಕೇಳುತ್ತಿದ್ದವರು ಅವಳ ಅಪ್ಪ.

ಅವರನ್ನು ಊರಿನವರು ಪ್ರೂಫ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಊರಿನ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದ ಕಂಪ್ಯೂಟರ್ ಬಂದ ಮೇಲೂ ಹಲವು ವರ್ಷ ಕರಡು ತಿದ್ದಿದವರು. ಮದುವೆ ಕಾಗದ, ಸಂಘದ ವರದಿ, ಪಂಚಾಂಗ, ಯಾರದೋ ಕವನ ಸಂಕಲನ, ಎಲ್ಲವೂ ಅವರ ಕಣ್ಣಿನ ಕೆಳಗೆ ಹಾದೇ ಹೊರಗೆ ಹೋಗಬೇಕು. ಆ ಕಣ್ಣಿಗೆ ಗ್ಲಾಕೋಮ ಬಂತು. ಒಂದು ವರ್ಷ ಅವರು ಯಾರಿಗೂ ಹೇಳಲಿಲ್ಲ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ತಿದ್ದುತ್ತಿದ್ದರು. ಕೊನೆಗೊಂದು ದಿನ ಅವರು ಒಪ್ಪಿಗೆ ಕೊಟ್ಟ ಮದುವೆ ಕಾಗದದಲ್ಲಿ 'ಮುಹೂರ್ತ' ಎಂಬುದು 'ಮೂಹರ್ತ' ಎಂದು ಅಚ್ಚಾಗಿ, ಹಂಚಿಯೂ ಆಯಿತು. ಮದುವೆ ಮನೆಯವರಿಗೆ ಗೊತ್ತಾಗಲಿಲ್ಲ, ನೆಂಟರಿಗೂ ಗೊತ್ತಾಗಲಿಲ್ಲ. ಪ್ರೆಸ್ಸಿನ ಒಬ್ಬರು ತಮಾಷೆಗೆ ಹೇಳಿದರು. ಮೇಷ್ಟ್ರು ಅವತ್ತೇ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದರು. ಮದುವೆ ಚೆನ್ನಾಗಿಯೇ ನಡೆಯಿತು.

ಮುಂದಿನ ಎರಡು ವರ್ಷಗಳಲ್ಲಿ ಕಣ್ಣು ಪೂರ್ತಿ ಹೋಯಿತು. ಬೆಳಿಗ್ಗೆ ಪೇಪರ್ ಓದಿ ಹೇಳುವ ಕೆಲಸ ಗೆಳತಿಯದಾಯಿತು. ಒಂದು ದಿನ ಫೋನ್ ಮಾಡಿದಳು.

"ಅಪ್ಪಯ್ಯಂಗೆ ಪೇಪರ್ ಓದಿ ಹೇಳೋದು ಅಂದ್ರೆ ಎಂತ ಗೊತ್ತುಂಟಾ ನಿಂಗೆ? ನಾನು ಒಂದು ಸಾಲು ಓದಿದ್ರೆ ಅವರು ಮೂರು ತಪ್ಪು ಹೇಳ್ತಾರೆ. ಪೇಪರಿಂದಲ್ಲ ಮಾರಾಯ್ತಿ, ನಂದು. ಹಕಾರ ಬಿಟ್ಟೆ, ಒತ್ತು ನುಂಗಿದೆ ಅಂತ. ಗಿರಾಕಿಗಳು ಬಂದು ಕೂತಿರ್ತಾರೆ. ನಿಂಗೆ ಕಂಪ್ಯೂಟರ್ ಬರ್ತದಲ್ಲ, ಎಂತಾದ್ರೂ ಮಾಡೆ."

ಹೀಗೆ ಶುರುವಾಯಿತು. ಅಂಗೈಯಷ್ಟು ಅಗಲದ ಒಂದು ಸಣ್ಣ ಕಂಪ್ಯೂಟರ್ ತರಿಸಿದೆ. ಅದಕ್ಕೊಂದು ಸ್ಪೀಕರ್ ಸೇರಿಸಿದೆ. ಅಂತರ್ಜಾಲದಿಂದ ಆ ದಿನದ ಸುದ್ದಿಗಳನ್ನು ತೆಗೆದುಕೊಂಡು, ಒಂದು ಫೋಲ್ಡರಿನಲ್ಲಿಟ್ಟು, ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳುವ ಪ್ರೋಗ್ರಾಮ್ ಬರೆದೆ. ಎರಡು ತಿಂಗಳು ಹಿಡಿಯಿತು. ಧ್ವನಿ ಶೀತವಾಗಿ ಮೂಗು ಕಟ್ಟಿದ ಗಂಡಸಿನದರಂತೆ ಇತ್ತು. ಬೆಳಿಗ್ಗೆ ಏಳೂವರೆಗೆ ಸ್ವಿಚ್ ಹಾಕಿದರೆ ತಾನಾಗಿ ಎದ್ದು ಮೊದಲು "ನಮಸ್ಕಾರ" ಎಂದು ಹೇಳಿ, ಆಮೇಲೆ ಸುದ್ದಿ ಓದಬೇಕು. ನಮಸ್ಕಾರ ಹೇಳಿಸಿದ್ದು ನನ್ನ ಸ್ವಂತ ಆಲೋಚನೆ.

ತೀರ್ಥಹಳ್ಳಿಗೆ ಹೋಗಿ ಅದನ್ನು ಮೇಷ್ಟ್ರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು, ಮನೆಯ ಇಂಟರ್ನೆಟ್ಟಿಗೆ ಸೇರಿಸಿ, ನನ್ನ ಲ್ಯಾಪ್‌ಟಾಪಿನಿಂದ ನಡೆಸಿ ತೋರಿಸಿದೆ. ಓದಿತು. ಮೇಷ್ಟ್ರು ತಲೆ ವಾರೆ ಮಾಡಿ ಹತ್ತು ನಿಮಿಷ ಕೇಳಿದರು.

"ಷಕಾರ ಚೆನ್ನಾಗಿ ಹೇಳ್ತದೆ" ಎಂದರು. ಗೆಳತಿ ನನ್ನ ಕೈ ಹಿಂಡಿದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಮನೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲವಂತೆ.

ಮರುದಿನ ಬೆಳಿಗ್ಗೆ ನಾನು ಸಾಗರದಲ್ಲಿ ದೋಸೆ ಹೊಯ್ಯುತ್ತಿರುವಾಗ ಫೋನ್ ಬಂತು.

"ಮಾತಾಡ್ತಿಲ್ಲ ಕಣೆ ಇದು" ಎಂದಳು ಗೆಳತಿ. "ಸ್ವಿಚ್ ಹಾಕಿ ಕಾಲು ಗಂಟೆ ಆಯ್ತು. ಹಸಿರು ದೀಪ ಉಂಟು, ಮಾತಿಲ್ಲ."

ದೂರದ ಯಂತ್ರದ ಒಳಗೆ ಹೋಗಲು ನಾನು ಮೊದಲೇ ದಾರಿ ಮಾಡಿಕೊಂಡಿದ್ದೆ. ದೋಸೆಯನ್ನು ಗಂಡನ ಕೈಗೆ ಒಪ್ಪಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಸಾಗರದಿಂದ ತೀರ್ಥಹಳ್ಳಿಯ ಸ್ಟೂಲಿಗೆ ಹೋದೆ. ಎಲ್ಲಿ ನಿಂತಿದೆ ನೋಡೋಣ ಎಂದು ಆ ಪ್ರೋಗ್ರಾಮನ್ನು ಡಿಬಗ್ಗರಿನಿಂದ ಶುರು ಮಾಡಿದೆ.

ಡಿಬಗ್ಗರ್ ಎಂದರೆ ಒಂದು ಪ್ರೋಗ್ರಾಮನ್ನು ಕೈಹಿಡಿದು ನಡೆಸುವ ಇನ್ನೊಂದು ಪ್ರೋಗ್ರಾಮ್. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಹಾಗೆ. ಯಾವ ಸಾಲಿನಲ್ಲಿ ಬೇಕಾದರೂ ನಿಲ್ಲಿಸಬಹುದು, ಒಳಗೆ ಏನಿದೆ ನೋಡಬಹುದು, ಮತ್ತೆ ಬಿಡಬಹುದು. ಬಂಡಿ ನಡೆಯುವುದು ತೀರ್ಥಹಳ್ಳಿಯಲ್ಲಿ, ಬ್ರೇಕ್ ಇರುವುದು ಸಾಗರದಲ್ಲಿ.

ಶುರು ಮಾಡಿದ ತಕ್ಷಣ ಫೋನಿನ ಆ ಕಡೆಯಿಂದ ಶೀತದ ಗಂಡಸು "ನಮಸ್ಕಾರ" ಎಂದ. ಆಮೇಲೆ ಹವಾಮಾನ ವರದಿ ಓದತೊಡಗಿದ.

"ಸರಿ ಆಯ್ತು!" ಎಂದಳು ಗೆಳತಿ. "ಎಂತ ಮಾಡಿದ್ಯೆ?"

"ಏನೂ ಮಾಡ್ಲಿಲ್ಲ" ಎಂದೆ. ಅದು ವಿನಯವಲ್ಲ, ನಿಜ.

ಮರುದಿನವೂ ತಾನಾಗಿ ಏಳಲಿಲ್ಲ. ನಾನು ಡಿಬಗ್ಗರಿನಿಂದ ಎಬ್ಬಿಸಿದೆ, ಎದ್ದಿತು. ಮೂರನೆಯ ದಿನವೂ ಅದೇ. ತಪ್ಪು ಹುಡುಕಲೆಂದು ಇರುವ ಸಾಧನದ ಕೈಯಲ್ಲಿ ಕೊಟ್ಟರೆ ತಪ್ಪೇ ಇಲ್ಲ. ಕೈ ಬಿಟ್ಟರೆ ಮಾತೇ ಇಲ್ಲ. ವೈದ್ಯರ ಎದುರು ಕೂತ ಕೂಡಲೇ ಹಲ್ಲುನೋವು ನಿಲ್ಲುವವರನ್ನು ಕಂಡಿದ್ದೆ. ಪ್ರೋಗ್ರಾಮಿಗೂ ಹಾಗೆ ಆಗುವುದುಂಟು ಎಂದು ಓದಿದ್ದೆ. ಕಂಡದ್ದು ಆಗಲೇ.

ಹೀಗಾಗಿ ದಿನಾ ಬೆಳಿಗ್ಗೆ ಏಳೂವರೆಗೆ ನಾನೇ ಶುರು ಮಾಡಿಕೊಡುವುದೆಂದಾಯಿತು. ಒಂದು ವಾರದಲ್ಲಿ ಕಾರಣ ಹುಡುಕುತ್ತೇನೆ ಎಂದಿದ್ದೆ. ವಾರಗಳು ಹೋದವು.

ಡಿಬಗ್ಗರಿನಿಂದ ಶುರು ಮಾಡಿದ ಪ್ರೋಗ್ರಾಮು ಆ ಡಿಬಗ್ಗರ್ ಇರುವಷ್ಟು ಹೊತ್ತು ಮಾತ್ರ ಇರುತ್ತದೆ. ನನ್ನ ಲ್ಯಾಪ್‌ಟಾಪ್ ಮುಚ್ಚಿದರೆ ಸಂಪರ್ಕ ಕಡಿದು, ಅಲ್ಲಿ ಓದು ನಿಲ್ಲುತ್ತದೆ. ಸಾಗರದಲ್ಲಿ ಕರೆಂಟ್ ಹೋಗಿ ನಮ್ಮ ಮನೆಯ ಇಂಟರ್ನೆಟ್ ನಿಂತರೆ ತೀರ್ಥಹಳ್ಳಿಯಲ್ಲಿ ಪೇಪರ್ ನಿಲ್ಲುತ್ತಿತ್ತು. ಅದು ಮಳೆಗಾಲ. ಮೇಷ್ಟ್ರಿಗೆ ಸಾಗರದ ಕರೆಂಟಿನ ಸ್ಥಿತಿಗತಿ ನಮ್ಮ ಬೀದಿಯವರಿಗಿಂತ ಚೆನ್ನಾಗಿ ಗೊತ್ತಾಗತೊಡಗಿತು. ಒಮ್ಮೆ ಗಂಡ ತಟ್ಟೆ ಇಡಲು ಜಾಗವಿಲ್ಲವೆಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಅದರ ಮೇಲೆ ತಟ್ಟೆಯಿಟ್ಟುಕೊಂಡು ತಿಂಡಿ ತಿಂದರು. ಎರಡು ನಿಮಿಷದಲ್ಲಿ ಫೋನ್ ಬಂತು. ಗಂಡ ತಟ್ಟೆ ಎತ್ತಿದರು.

"ಅವರಿಗೆ ಒಂದು ರೇಡಿಯೋ ತೆಗೆದುಕೊಟ್ಟಿದ್ರೆ ಆಗ್ತಿತ್ತು" ಎಂದರು. ಗಂಡನದು ಮೋಟಾರಿನ ಬುದ್ಧಿ. ತಿರುಗಿದರೆ ತಿರುಗಬೇಕು, ಇಲ್ಲದಿದ್ದರೆ ಸುಟ್ಟಿರಬೇಕು. ಸುಡದೆಯೂ ತಿರುಗದ ವಸ್ತುಗಳ ಮೇಲೆ ಅವರಿಗೆ ಗೌರವವಿಲ್ಲ.

ಇನ್ನೊಂದು ದಿನ ಕಾರಣ ಹುಡುಕುವ ಹಟದಲ್ಲಿ, ಓದುವ ಭಾಗದ ನಡುವೆ ಒಂದು ಕಡೆ ನಿಲ್ಲುವಂತೆ ಗುರುತು ಹಾಕಿದೆ. ಪ್ರೋಗ್ರಾಮು ಅಲ್ಲಿಗೆ ಬಂದು ನಿಂತಿತು. ನಿಂತಿದ್ದನ್ನು ನೋಡುವ ಮೊದಲೇ ಕಾಲೇಜಿನಿಂದ ಕರೆ ಬಂತು, ಪರೀಕ್ಷೆಯ ದಿನ ಲ್ಯಾಬಿನ ಬೀಗದ ಕೈ ನನ್ನ ಚೀಲದಲ್ಲಿತ್ತು. ಓಡಿದೆ. ಲ್ಯಾಪ್‌ಟಾಪ್ ತೆರೆದೇ ಇತ್ತು, ಗುರುತೂ ಹಾಗೆಯೇ ಇತ್ತು. ಹನ್ನೊಂದು ಗಂಟೆಗೆ ನೆನಪಾಗಿ ಫೋನ್ ಮಾಡಿದೆ. ಮೇಷ್ಟ್ರೇ ಎತ್ತಿದರು.

"ಮೇಷ್ಟ್ರೇ, ಪೇಪರ್ ನಿಂತುಹೋಗಿತ್ತಾ?"

"'ಸ್ಥಳಕ್ಕೆ ಭೇಟಿ ನೀಡಿದ ತಹಶೀಲ್ದಾರರು' ಅಂತ ಹೇಳಿ ನಿಂತ್ಕೊಂಡಿದೆ" ಎಂದರು. "ಎಂಟೂಕಾಲಿಂದ ತಹಶೀಲ್ದಾರ್ರು ಸ್ಥಳದಲ್ಲೇ ಇದಾರೆ. ಪಾಪ, ಕಾಲು ನೋಯ್ತಿರ್ಬೋದು."

ಅವರು ನಗುತ್ತಿರಲಿಲ್ಲ. ಯಾವತ್ತೂ ನಗುತ್ತಿರಲಿಲ್ಲ. ಕ್ಷಮೆ ಕೇಳಿದೆ. "ಅಡ್ಡಿಲ್ಲ. ಮುಂದೆ ಎಂತ ಇರ್ಬೋದು ಅಂತ ನಾನೇ ಹಾಕ್ಕೊಂಡೆ. 'ಪರಿಶೀಲನೆ ನಡೆಸಿ ಸೂಕ್ತ ಕ್ರಮದ ಭರವಸೆ ನೀಡಿದರು.' ಸಂಜೆ ಮನೆಗೆ ಹೋಗಿ ನೋಡಿ ಹೇಳು, ಸರಿ ಉಂಟಾ ಅಂತ."

ಸಂಜೆ ನೋಡಿದೆ. ಒಂದಕ್ಷರ ಆಚೀಚೆ ಇರಲಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ ಎಂದು ಹೇಳಬೇಕು. ಯಂತ್ರ ತಾನಾಗಿ ಎದ್ದಾಗ ಏನಾಗುತ್ತದೆ ಎಂದು ತಿಳಿಯಲು ಅದು ಪ್ರತಿ ಹೆಜ್ಜೆಯನ್ನೂ ಒಂದು ಕಡತದಲ್ಲಿ ಬರೆದಿಡುವಂತೆ ಮಾಡಿದ್ದೆ. ಆ ಕಡತ ಹೇಳುತ್ತಿದ್ದದ್ದು ಒಂದೇ: ಸುದ್ದಿಯ ಫೋಲ್ಡರ್ ಸಿಗಲಿಲ್ಲ. ನಾನು ಒಳಗೆ ಹೋಗಿ ನೋಡಿದರೆ ಫೋಲ್ಡರ್ ಅಲ್ಲೇ ಇರುತ್ತಿತ್ತು. ಅದಕ್ಕೆ 'ಇಂದಿನ ಪೇಪರ್' ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೆ. ಕಡತದಲ್ಲಿ ಆ ಹೆಸರು ಇರಬೇಕಾದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ಅದನ್ನು ನಾನು ಕಣ್ಣಾರೆ ನೋಡಿದೆ, ಒಂದು ಸಲವಲ್ಲ, ಹತ್ತಾರು ಸಲ. ಆದರೆ ಕನ್ನಡದವರು ಕಂಪ್ಯೂಟರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಬೆಚ್ಚುವುದಿಲ್ಲ. ಬ್ಯಾಂಕಿನ ರಸೀದಿಯಲ್ಲಿ ಕಂಡಿದ್ದೇವೆ, ಬಸ್ಸಿನ ಬೋರ್ಡಿನಲ್ಲಿ ಕಂಡಿದ್ದೇವೆ. ಅಕ್ಷರ ತೋರಿಸಲು ಬಾರದ ಕಡೆ ಹಾಗೆ ಬರುತ್ತದೆ, ಒಳಗೆ ಎಲ್ಲ ಸರಿಯಿರುತ್ತದೆ ಎಂದುಕೊಂಡು ಮುಂದೆ ಹೋಗುತ್ತೇವೆ. ನಾನೂ ಮುಂದೆ ಹೋದೆ.

ಅದೇ ದಿನಗಳಲ್ಲಿ ಕಾಲೇಜಿನ ಮಕ್ಕಳಿಗೆ ಡಿಬಗ್ಗರಿನ ಪಾಠವೂ ಬಂತು. ಪ್ರೋಗ್ರಾಮಿನಲ್ಲಿ ಎಷ್ಟೇ ಹಟಮಾರಿ ತಪ್ಪಿದ್ದರೂ ಡಿಬಗ್ಗರ್ ಅದನ್ನು ಹಿಡಿದುಕೊಡುತ್ತದೆ ಎಂದು ಪುಸ್ತಕದಲ್ಲಿದ್ದಂತೆ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬರೆದುಕೊಂಡಳು. ನನಗೆ ಅವಳ ನೋಟ್ಸ್ ಕಿತ್ತುಕೊಳ್ಳಬೇಕೆನಿಸಿತು.

ದಿನಾ ಬೆಳಗಿನ ಕರೆ ಮಾತ್ರ ತಪ್ಪಲಿಲ್ಲ. ಮೊದಲು ಗೆಳತಿ ಮಾಡುತ್ತಿದ್ದಳು, ಆಮೇಲೆ ಅವಳಿಗೆ ಅಂಗಡಿಯ ಗಡಿಬಿಡಿ ಎಂದು ಮೇಷ್ಟ್ರೇ ಮಾಡತೊಡಗಿದರು. "ಆಯ್ತಾ ನಿಂದು? ಹಾಗಾದ್ರೆ ಬಿಡು" ಎನ್ನುತ್ತಿದ್ದರು, ನೀರು ಬಿಡಲು ಹೇಳುವವರಂತೆ. ನಾನು ಬಿಡುತ್ತಿದ್ದೆ. "ನಮಸ್ಕಾರ" ಕೇಳಿದ ಮೇಲೆ "ಹೂಂ" ಎಂದು ಫೋನ್ ಇಡುತ್ತಿದ್ದರು. ಆ ಹೂಂ ಯಂತ್ರಕ್ಕೋ ನನಗೋ ಗೊತ್ತಾಗುತ್ತಿರಲಿಲ್ಲ. ಜ್ವರ ಬಂದ ದಿನವೂ ಎದ್ದು ಶುರು ಮಾಡಿದ್ದೇನೆ. ವರದಹಳ್ಳಿಗೆ ಹೋದ ದಿನ ಆಶ್ರಮದ ಮೆಟ್ಟಿಲ ಹತ್ತಿರ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಮೊಬೈಲಿನ ಇಂಟರ್ನೆಟ್ಟಿನಲ್ಲಿ ಶುರು ಮಾಡಿ, ಓದು ಮುಗಿಯುವವರೆಗೆ ಅಲ್ಲೇ ಕೂತಿದ್ದೇನೆ. ದರ್ಶನಕ್ಕೆ ಬಂದ ಒಬ್ಬ ಹೆಂಗಸು "ಇಲ್ಲಿಗೆ ಬಂದ್ರೂ ಆಫೀಸ್ ಕೆಲಸನಾ ಅಮ್ಮ?" ಎಂದು ಮರುಗಿದರು. ಅಲ್ಲ, ತೀರ್ಥಹಳ್ಳಿಯಲ್ಲಿ ಪೇಪರ್ ಓದಿಸ್ತಿದೀನಿ ಎಂದೆ. ಅವರು ಸ್ವಲ್ಪ ದೂರ ಹೋಗಿ ಕೂತರು.

ದಸರಾ ರಜೆಯಲ್ಲಿ ನಿರ್ಧಾರ ಮಾಡಿದೆ, ಹೋಗಿ ಎದುರಿಗೇ ಕೂತು ನೋಡುವುದು. ಸಾಗರದಿಂದ ಹೊಸನಗರಕ್ಕೆ ಒಂದು ಬಸ್ಸು, ಅಲ್ಲಿಂದ ತೀರ್ಥಹಳ್ಳಿಗೆ ಇನ್ನೊಂದು. ಹೊಸನಗರದ ಬಸ್‌ಸ್ಟ್ಯಾಂಡಿಗೆ ತವರಿನಿಂದ ನನ್ನ ತಮ್ಮ ಒಂದು ಚೀಲ ಸಾಂಬಾರಿನ ಮೊಗೆಕಾಯಿ ಹಿಡಿದುಕೊಂಡು ಬಂದಿದ್ದ.

"ಎಂತಕ್ಕೆ ಹೊಂಟ್ಯೆ ಅಕ್ಕ ಅಲ್ಲಿಗೆ?" ಎಂದ.

"ಒಂದು ಪ್ರೋಗ್ರಾಮ್ ಸರಿ ಮಾಡೋಕೆ. ನಾನು ಶುರು ಮಾಡಿದ್ರೆ ನಡೀತದೆ, ಅದಾಗೇ ಶುರುವಾದ್ರೆ ನಡಿಯಲ್ಲ."

ಅವನು ಯೋಚಿಸಿದ. "ನಮ್ಮನೆ ಎಮ್ಮೆನೂ ಹಂಗೇ. ಅಮ್ಮ ಹಿಂಡಿದ್ರೆ ಕೊಡ್ತದೆ, ಇಲ್ದಿದ್ರೆ ಇಲ್ಲ. ಅಮ್ಮನ ಸೀರೆ ಉಟ್ಕಂಡು ಹೋದ್ರೆ ನಂಗೂ ಕೊಡ್ತದೆ." ನಾನು ನಕ್ಕೆ. ಬಸ್ಸು ಕೋಣಂದೂರು ದಾಟುವಾಗಲೂ ಒಬ್ಬಳೇ ನಗುತ್ತಿದ್ದೆ. ಅವನು ಹೇಳಿದ್ದೇ ಕಾರಣ ಎಂದು ಆಗ ನನಗೆ ಹೊಳೆಯಲಿಲ್ಲ.

ತೀರ್ಥಹಳ್ಳಿ ಮುಟ್ಟಿದಾಗ ಹತ್ತೂವರೆ. ಗೆಳತಿ ಅಂಗಡಿಯಲ್ಲಿ ಹಬ್ಬದ ರವಿಕೆಗಳ ರಾಶಿಯ ಹಿಂದೆ ಕೂತಿದ್ದಳು, ತಲೆ ಮಾತ್ರ ಕಾಣುತ್ತಿತ್ತು. ಮೇಷ್ಟ್ರು ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಅವರ ಹೆಂಡತಿ ಕಾಫಿ ಕೊಟ್ಟು, "ಅದನ್ನು ಸರಿ ಮಾಡಿ ಹೋಗು ಮಾರಾಯ್ತಿ. ಬೆಳಿಗ್ಗೆ ಆದ್ರೆ ಇವರು ಫೋನ್ ಹಿಡ್ಕೊಂಡು ಕೂತ್ಕೊಳ್ತಾರೆ, ಹರೆಯದವರ ಹಾಗೆ" ಎಂದು ಅಡುಗೆಮನೆಗೆ ಹೋದರು.

ನನ್ನ ಲ್ಯಾಪ್‌ಟಾಪ್ ಜೋಡಿಸಿ ಶುರು ಮಾಡಿದೆ. ಓದಿತು. ನಿಲ್ಲಿಸಿ ಮತ್ತೆ ಶುರು ಮಾಡಿದೆ. ಓದಿತು. ಒಂದೂವರೆ ಗಂಟೆ ಹೀಗೇ ಕಳೆಯಿತು. ಕೊನೆಗೆ ಬೇಸತ್ತು ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟು, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಹಸಿರು ದೀಪ ಬಂತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು, ಮುಂದೆ ಹೊಲಿಗೆ ಯಂತ್ರ ಓಡುತ್ತಿತ್ತು. ಸ್ಪೀಕರಿನಿಂದ ಏನೂ ಇಲ್ಲ.

"ಈಗ ಕೇಳ್ತದೆ" ಎಂದರು ಮೇಷ್ಟ್ರು.

"ನಂಗೆ ಎಂತದೂ ಕೇಳ್ತಿಲ್ಲ ಮೇಷ್ಟ್ರೇ."

"ನಿಂಗೆ ಕೇಳ್ತದೆ ಅಂದಿದ್ದಲ್ಲ. ಅದು ಕೇಳ್ತದೆ. ಪ್ರಶ್ನೆ."

ನಾನು ಅಡುಗೆಮನೆಗೆ ಓಡಿ ಮಿಕ್ಸಿ ನಿಲ್ಲಿಸಲು ಹೇಳಿ, ಗೆಳತಿಗೆ ಕೈ ಅಡ್ಡ ಹಿಡಿದು, ಸ್ವಿಚ್ ಮತ್ತೆ ಆರಿಸಿ ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿ ನಿಂತೆ. ಅರ್ಧ ನಿಮಿಷದ ಮೇಲೆ, ತೀರಾ ಸಣ್ಣ ದನಿಯಲ್ಲಿ, ಇಂಗ್ಲಿಷಿನಲ್ಲಿ, ಯಾರೋ ದೂರದ ಬಾವಿಯೊಳಗಿಂದ ಹೇಳಿದಂತೆ ಕೇಳಿಸಿತು: ಕ್ವಶ್ಚನ್ ಮಾರ್ಕ್. ಕ್ವಶ್ಚನ್ ಮಾರ್ಕ್. ಕ್ವಶ್ಚನ್ ಮಾರ್ಕ್. ಹೀಗೆ ಹೇಳುತ್ತಾ ಹೋಗಿ ನಿಂತಿತು. ಸ್ಪೀಕರಿನ ದನಿ ಏರಿಸುವ ಹೆಜ್ಜೆಯನ್ನು ನಾನು ನಮಸ್ಕಾರದ ಆಮೇಲೆ ಇಟ್ಟಿದ್ದೆ, ಆದ್ದರಿಂದ ಆ ಮಾತು ಪಿಸುಮಾತಾಗಿಯೇ ಉಳಿದಿತ್ತು. ಒಮ್ಮೆ ಏರಿದ ದನಿ ಸ್ವಿಚ್ ಆರಿಸುವವರೆಗೆ ಇಳಿಯುತ್ತಿರಲಿಲ್ಲ, ಅದಕ್ಕೇ ಆಮೇಲೆ ನಾನು ಶುರು ಮಾಡಿದಾಗ ನಮಸ್ಕಾರ ಜೋರಾಗಿಯೇ ಬರುತ್ತಿತ್ತು.

"ಏಳು" ಎಂದರು ಮೇಷ್ಟ್ರು. "ದಿನಾ ಏಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ."

ನಾನು ನೆಲದ ಮೇಲೆ ಕೂತೆ. "ದಿನಾ? ಯಾವಾಗಿಂದ ಮೇಷ್ಟ್ರೇ?"

"ಮೊದಲನೇ ದಿನದಿಂದ."

"ಮೂರು ತಿಂಗಳಾಯ್ತು. ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು 'ಮಾತಾಡ್ತಿದೆಯಾ' ಅಂತ" ಎಂದರು. "ಅದು ಮಾತಾಡ್ತಿರಲಿಲ್ಲ. ನೀನು ಬಿಡೋಕೆ ಮುಂಚೆ ಗಂಟಲು ಸರಿ ಮಾಡ್ಕೊಳ್ತದೆ ಅಂತ ನಾನು ತಿಳ್ಕೊಂಡಿದ್ದೆ. ನೀನು ಬರ್ದಿದ್ದಲ್ವಾ ಅದು? ನಿಂಗೆ ಗೊತ್ತಿರ್ತದೆ ಅಂತ."

ಗೆಳತಿ ಹಣೆಗೆ ಕೈ ಹೊಡೆದುಕೊಂಡಳು. ನನ್ನ ತಲೆಯಲ್ಲಿ ಏಳು ಎಂಬುದೇ ಓಡುತ್ತಿತ್ತು. ಮೊದಲು ಹೇಳಬೇಕಾದದ್ದು ನಮಸ್ಕಾರ. ಬೆರಳು ಮಡಚಿ ಎಣಿಸಿದೆ.

"ನಮಸ್ಕಾರ ಅಂದ್ರೆ ಅಕ್ಷರ ನಾಲ್ಕು" ಎಂದರು ಮೇಷ್ಟ್ರು, ನಾನು ಏನು ಮಾಡುತ್ತಿದ್ದೇನೆಂದು ಹೇಗೆ ತಿಳಿಯಿತೋ. "ಮೊಳೆ ಜೋಡಿಸಿದ್ರೆ ಐದು, ಕ ಒತ್ತು ಬೇರೆ ಬರ್ತದೆ. ಏಳು ಆಗೋದಿಲ್ಲ. ನಾನೂ ಲೆಕ್ಕ ಹಾಕಿ ನೋಡಿದೀನಿ."

"ಆಗ್ತದೆ ಮೇಷ್ಟ್ರೇ. ಇದರ ಒಳಗೆ ಎಲ್ಲಾ ಬಿಡಿಸಿ ಇಟ್ಟಿರ್ತದೆ. ನ, ಮ, ಸ, ಅದನ್ನು ಅರ್ಧ ಮಾಡೋ ಚಿಹ್ನೆ ಒಂದು, ಕ, ದೀರ್ಘ ಒಂದು, ರ. ಏಳು."

ಅವರು ಸ್ವಲ್ಪ ಹೊತ್ತು ತುಟಿಯಾಡಿಸಿದರು. "ಹಾಗಾದ್ರೆ ಒಂದೊಂದು ಮೊಳೆಗೂ ಒಂದೊಂದು ಪ್ರಶ್ನೆ ಹಾಕ್ತಿದೆ. ಗುರ್ತು ಸಿಗ್ತಿಲ್ಲ ಅದಕ್ಕೆ."

ಅಷ್ಟೇ ವಿಷಯ. ಯಂತ್ರ ತಾನಾಗಿ ಎದ್ದಾಗ, ತಾನು ಯಾವ ಭಾಷೆಯ ಮನೆಯಲ್ಲಿದ್ದೇನೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಅದು ಬರೀ ಇಂಗ್ಲಿಷ್ ಎಂದು ತಿಳಿದುಕೊಳ್ಳುತ್ತದೆ, ಕನ್ನಡದ ಪ್ರತಿ ತುಂಡಿನ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಳ್ಳುತ್ತದೆ. ನಮಸ್ಕಾರ ಹಾಗಾಯಿತು. ಆಮೇಲೆ 'ಇಂದಿನ ಪೇಪರ್' ಎಂಬ ಫೋಲ್ಡರನ್ನೂ ಪ್ರಶ್ನಾರ್ಥಕ ಚಿಹ್ನೆಗಳ ಹೆಸರಿನಲ್ಲೇ ಹುಡುಕಿ, ಸಿಗದೆ, ಸುಮ್ಮನಾಗುತ್ತಿತ್ತು. ನಾನು ಸಾಗರದಿಂದ ಒಳಗೆ ಹೋಗುವಾಗ ಮಾತ್ರ ನನ್ನ ಲ್ಯಾಪ್‌ಟಾಪು, ತಾನು ಕನ್ನಡದ್ದು ಎಂಬ ಗುರುತನ್ನು ನನ್ನ ಜೊತೆಗೇ ಅಲ್ಲಿಗೆ ಕಳಿಸುತ್ತಿತ್ತು. ನಾನು ಡಿಬಗ್ಗರಿನಿಂದ ಶುರು ಮಾಡಿದ ಪ್ರೋಗ್ರಾಮಿಗೆ ಆ ಗುರುತು ಸಿಗುತ್ತಿತ್ತು, ಅದು ಓದುತ್ತಿತ್ತು. ಡಿಬಗ್ಗರು ಏನನ್ನೂ ಸರಿ ಮಾಡಿರಲಿಲ್ಲ. ನಾನು ಅಮ್ಮನ ಸೀರೆ ಉಟ್ಟುಕೊಂಡು ಹೋಗಿದ್ದೆ, ಅಷ್ಟೇ.

ಯಂತ್ರ ಏಳುವಾಗಲೇ ಭಾಷೆ ಹೇಳುವ ಒಂದು ಸಾಲು ಸೇರಿಸಿದೆ. ಒಂದೇ ಸಾಲು. ದನಿ ಏರಿಸುವ ಹೆಜ್ಜೆಯನ್ನೂ ನಮಸ್ಕಾರದ ಮೊದಲಿಗೆ ತಂದೆ. ಲ್ಯಾಪ್‌ಟಾಪ್ ಮುಚ್ಚಿ, ಸ್ವಿಚ್ ಆರಿಸಿ ಹಾಕಿದೆ. ಅರ್ಧ ನಿಮಿಷದಲ್ಲಿ ಶೀತದ ಗಂಡಸು ನಮಸ್ಕಾರ ಹೇಳಿ ಸುದ್ದಿ ಶುರು ಮಾಡಿದ. ಗೆಳತಿಯ ಅಮ್ಮ ಅಡುಗೆಮನೆಯಿಂದ "ಇನ್ನು ಮಿಕ್ಸಿ ಹಾಕ್ಲಾ?" ಎಂದು ಕೇಳಿದರು.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ನಾಚಿಕೆಯೂ ಆಯಿತು. ಎರಡು ಕಣ್ಣಿದ್ದ ನಾನು ಕಡತದಲ್ಲಿ ಹತ್ತಾರು ಸಲ ನೋಡಿ ದಾಟಿಹೋದ ತಪ್ಪನ್ನು, ಅವರು ಮೊದಲನೇ ದಿನವೇ ಕೇಳಿ ಎಣಿಸಿಟ್ಟಿದ್ದರು. ಅದನ್ನು ಅವರಿಗೆ ಹೇಳಿದೆ. "ನೋಡೋದೇ ಬೇರೆ, ಪ್ರೂಫ್ ನೋಡೋದೇ ಬೇರೆ" ಎಂದರು ಮೇಷ್ಟ್ರು. ಸಮಾಧಾನಕ್ಕೆ ಹೇಳಿದ್ದಲ್ಲ.

ಸಾಗರಕ್ಕೆ ಬಂದ ಮರುದಿನ ಬೆಳಿಗ್ಗೆ ಏಳೂವರೆಗೆ ಫೋನ್ ಬರಲಿಲ್ಲ. ಬರಬಾರದೆಂದೇ ಅಷ್ಟು ಕಷ್ಟಪಟ್ಟಿದ್ದು. ಲ್ಯಾಪ್‌ಟಾಪ್ ತೆರೆದು ಒಳಗೆ ಹೋಗಿ ನೋಡಿದೆ. ಪ್ರೋಗ್ರಾಮು ತಾನಾಗಿ ಎದ್ದು ಓದುತ್ತಿತ್ತು. ಮುಟ್ಟದೆ ಹೊರಗೆ ಬಂದೆ. ಗಂಡ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿರಾಳವಾಗಿ ತಿಂಡಿ ತಿಂದರು. ಮೂರು ದಿನ ಹೀಗೆ ಹೋಯಿತು. ನಾನು ಏಳೂವರೆಗೆ ಫೋನಿನ ಹತ್ತಿರವೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನಾಲ್ಕನೆಯ ದಿನ ಸಂಜೆ ಫೋನ್ ಬಂತು.

"ಬರ್ಕೋ" ಎಂದರು ಮೇಷ್ಟ್ರು. "ಒಂದು. ಬ್ರಾಹ್ಮಣ ಅನ್ನೋದನ್ನು ಬ್ರಾಮಣ ಅಂತದೆ. ಎರಡು. ಚಿಹ್ನೆ ಅನ್ನೋದನ್ನು ಚಿನ್ನೆ ಅಂತದೆ. ಮೂರು. ಇಸವಿ ಬಂದಾಗ ಎರಡು ಸಾವಿರದ ಅಂತ ಹೇಳೋದು ಬಿಟ್ಟು ಟೆಲಿಫೋನ್ ನಂಬರ್ ಹೇಳಿದ ಹಾಗೆ ಹೇಳ್ತದೆ." ಮೂವತ್ತೆಂಟು ತಪ್ಪುಗಳಿದ್ದವು. ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಂಡಿದ್ದರು.

ಆ ಪಟ್ಟಿ ತಿದ್ದಲು ಡಿಸೆಂಬರ್ ತನಕ ಹಿಡಿಯಿತು. ಯಂತ್ರಕ್ಕೆ ಹಕಾರ ಸರಿಯಾಗಿ ಬಂದ ದಿನ ಮೇಷ್ಟ್ರು ಒಂದು ಮಾತು ಕೇಳಿದರು.

"ಇದು ಪೇಪರ್ ಮಾತ್ರ ಓದ್ತದಾ? ಯಾರಾದ್ರೂ ಟೈಪ್ ಮಾಡಿದ್ದು ಕೊಟ್ರೆ?"

"ಓದ್ತದೆ."

"ಒತ್ತಕ್ಷರ, ದೀರ್ಘ, ಇದ್ದದ್ದು ಇದ್ದ ಹಾಗೆ? ಸರಿ ಮಾಡ್ಕೊಂಡು ಓದೋದಿಲ್ವಲ್ಲ, ನನ್ನ ಮಗಳ ಹಾಗೆ?"

"ಇಲ್ಲ. ತಪ್ಪಿದ್ರೆ ತಪ್ಪೇ ಓದ್ತದೆ."

ತಪ್ಪೇ ಓದ್ತದೆ ಎಂಬುದನ್ನು ಇನ್ನೊಮ್ಮೆ ನನ್ನಿಂದ ಹೇಳಿಸಿಕೊಂಡರು. ಆಮೇಲೆ "ಹೂಂ" ಎಂದು ಫೋನ್ ಇಟ್ಟರು.

ಗೆಳತಿ ಹೇಳಿದಳು, ಅವತ್ತು ಸಂಜೆ ಅವರು ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಕೊಂಡು, ಅವಳ ಕೈ ಹಿಡಿದುಕೊಂಡು ಹಳೆಯ ಪ್ರೆಸ್ಸಿಗೆ ಹೋದರಂತೆ. ಅಲ್ಲಿ ಕೋಣಂದೂರು ಕಡೆಯ ಒಬ್ಬ ನಿವೃತ್ತ ಪಶುವೈದ್ಯರು ಬರೆದ, ದನಗಳ ಆರೈಕೆಯ ಪುಸ್ತಕವೊಂದು ಟೈಪ್ ಆಗಿ ಕೂತಿತ್ತು. ಪ್ರೆಸ್ಸಿನವರು ಮುಜುಗರದಿಂದಲೋ ಗೌರವದಿಂದಲೋ ಅದನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟರು. ಗೆಳತಿ ಅದನ್ನು ಯಂತ್ರಕ್ಕೆ ಚುಚ್ಚಿದಳು, ನಾನು ಸಾಗರದಿಂದ ಓದಲು ಹಚ್ಚಿದೆ.

ಮೊದಲ ಪುಟದಲ್ಲೇ ಯಂತ್ರ ನಿಚ್ಚಳವಾಗಿ ಓದಿತಂತೆ: "ಹಾಲು ಕೊಡುವ ದನಕ್ಕೆ ಹಿ ಸೊನ್ನೆ ಡಿ ಕೊಡಬೇಕು." ಗೆಳತಿ ಪ್ರೆಸ್ಸಿಗೆ ಹೋಗಿ ಪರದೆಯ ಮೇಲೆ ನೋಡಿದಳು. 'ಹಿಂಡಿ' ಎಂದೇ ಇತ್ತು. ಪ್ರೆಸ್ಸಿನವರೂ ನೋಡಿದರು, ಹಿಂಡಿ ಎಂದೇ ಇತ್ತು. ನನಗೆ ಫೋನ್ ಬಂತು. ನೋಡಿದರೆ, ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿದ್ದರು. ಎರಡೂ ನೋಡಲು ಒಂದೇ ದುಂಡು. ಪುಸ್ತಕದ ಉದ್ದಕ್ಕೂ ಹಿಂಡಿ, ಕೊಂಬು, ಗಂಟಲು ಎಲ್ಲದರ ಒಳಗೂ ಸೊನ್ನೆಗಳಿದ್ದವು.

ಕಣ್ಣಿಗೆ ಕಾಣದ ತಪ್ಪು, ಅಚ್ಚಾದರೂ ಯಾರಿಗೂ ಗೊತ್ತಾಗುವುದಿಲ್ಲ, ಬಿಟ್ಟುಬಿಡೋಣ ಎಂದು ಪ್ರೆಸ್ಸಿನವರು ಹೇಳಿದರು. ಮೇಷ್ಟ್ರು ಒಪ್ಪಲಿಲ್ಲ. "ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತನಾ?" ಎಂದರಂತೆ. ಪ್ರೆಸ್ಸಿನವರು ಎಲ್ಲ ಸೊನ್ನೆಗಳನ್ನೂ ತೆಗೆದು ಅನುಸ್ವಾರ ಹಾಕಿದರು.

ಹದಿನೇಳು ದಿನ ಕೂತು, ಮುಂದೆ ಹಿಂದೆ ಮಾಡಿಸಿ, ಮೇಷ್ಟ್ರು ಆ ಪುಸ್ತಕವನ್ನು ಪೂರ್ತಿ ಕೇಳಿದರು. ತಪ್ಪು ಬಂದಲ್ಲಿ ಬೆರಳೆತ್ತುತ್ತಿದ್ದರು, ಗೆಳತಿ ಕರಡು ಪ್ರತಿಯ ಮೇಲೆ ಗುರುತು ಹಾಕುತ್ತಿದ್ದಳು. ರವಿಕೆ ಹೊಲಿಸಲು ಬಂದವರು ಕೂತು ಕೆಚ್ಚಲು ಬಾವಿನ ಔಷಧಿ ಕೇಳಿಕೊಂಡು ಹೋಗುತ್ತಿದ್ದರು. ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿ ನನಗೂ ಕಳಿಸಿದರು. ನಾನು ಊಟದ ಬಿಡುವಿನಲ್ಲಿ ಲ್ಯಾಬಿನಲ್ಲಿ ಕೂತು ಒಂದು ತಪ್ಪಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಸಿಕ್ಕಿತು. ಮೂವತ್ನಾಲ್ಕನೆಯ ಪುಟದ ಮುಂದಿನ ಪುಟಕ್ಕೂ ಮೂವತ್ನಾಲ್ಕು ಎಂದೇ ಬಿದ್ದಿತ್ತು.

ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆಮೇಲೆ ಹೇಳಿದೆ.

"ಯಂತ್ರ ಪುಟದ ಸಂಖ್ಯೆ ಹೇಳ್ಲೇ ಇಲ್ವಲ್ಲ?" ಎಂದರು ಮೇಷ್ಟ್ರು.

"ನಾನೇ ಅದನ್ನು ಬಿಟ್ಟು ಓದೋ ಹಾಗೆ ಮಾಡಿದ್ದೆ. ಸಾಲಿನ ನಡುವೆ ಅಂಕಿ ಬಂದ್ರೆ ಕೇಳೋಕೆ ಅಡ್ಡ ಆಗ್ತದೆ ಅಂತ."

"ಹಾಗಾದ್ರೆ ಅದು ನಿನ್ನ ತಪ್ಪು."

"ಹೌದು ಮೇಷ್ಟ್ರೇ."

"ನನ್ನ ಪಾಲಿಗೆ ಎಂತದೂ ಉಳಿದಿಲ್ವಲ್ಲ?"

"ಇಲ್ಲ."

ಅವತ್ತು ಮೊದಲ ಸಲ ಅವರು ಫೋನಿನಲ್ಲಿ ನಕ್ಕದ್ದು ಕೇಳಿಸಿತು, ಎರಡು ಸೆಕೆಂಡಿನಷ್ಟು. ನಾನು ಪುಟದ ಸಂಖ್ಯೆಯನ್ನೂ ಓದುವಂತೆ ಮಾಡಿದೆ. ಈಗ ಪ್ರತಿ ಪುಟ ಮುಗಿದಾಗ ಶೀತದ ಗಂಡಸು ಸಂಖ್ಯೆ ಕೂಗುತ್ತಾನೆ. ಸ್ವಲ್ಪ ಜೋರಾಯಿತು, ತಗ್ಗಿಸು ಎಂದು ಗೆಳತಿಯ ಅಮ್ಮ ಹೇಳಿಕಳಿಸಿದ್ದಾರೆ. ಬೇಡ, ಹಾಗೇ ಇರಲಿ ಎಂದು ಮೇಷ್ಟ್ರು ಹೇಳಿದ್ದಾರೆ. ಪ್ರೆಸ್ಸಿನಿಂದ ಇನ್ನೆರಡು ಪುಸ್ತಕ ಬಂದಿವೆಯಂತೆ.